ಹಿಮದ ಬಾರಿನ ಮಾಷ್ಟ್ರು

ನಾಲ್ಕು ಮಾತಿಗೊಂದು ಗುಟುಕು. ಎಡಗೈಯಲ್ಲಿ ಸದಾ ಪುಟ್ಟದೊಂದು ಸ್ಟೀಲಿನ ಫ್ಲಾಸ್ಕು. ಅದರ ಮುಚ್ಚಳವನ್ನು ಹೆಬ್ಬೆರಳಿನಿಂದಲೇ ತಿರುಗಿಸಿ, ಬಾಯಿಗಿಟ್ಟು, ತುಟಿ ಒದ್ದೆ ಮಾಡಿಕೊಂಡು ಮತ್ತೆ ಮುಚ್ಚುತ್ತಿದ್ದರು. ಕುತ್ತಿಗೆಯ ತನಕ ಗುಂಡಿ ಹಾಕಿದ ಬಿಳಿ ಅಂಗಿ, ಮೇಲೊಂದು ಕಪ್ಪು ವೇಸ್ಟ್‌ಕೋಟು, ನಿಂಬೆರಸದಲ್ಲಿ ನೆನೆದೂ ನೆನೆದೂ ಬಿಳಿಚಿಕೊಂಡ ಬೆರಳ ತುದಿಗಳು. ನೋಡಿದ ಮೊದಲ ದಿನವೇ ನಾನು ತೀರ್ಮಾನಿಸಿಬಿಟ್ಟೆ, ಈ ಮನುಷ್ಯ ಕುಡುಕ ಎಂದು. ಬೆಳಿಗ್ಗೆ ಹತ್ತು ಗಂಟೆಗೇ ಹೀಗಾದರೆ ಸಂಜೆಗೆ ಹೇಗೋ ಅಂದುಕೊಂಡೆ.

ಅವರು ಕಾಕ್‌ಟೇಲ್ ಮಾಡುವುದನ್ನು ಕಲಿಸುವ ಮೇಷ್ಟ್ರು. ಕುವಾಲಾಲಂಪುರದಿಂದ ಒಂದೂವರೆ ಗಂಟೆ ದೂರದ ಬೆಟ್ಟದ ಮೇಲಿನ ಒಂದು ರೆಸಾರ್ಟಿನಲ್ಲಿ ಅವರ ತರಗತಿ. ಹಿಮ ಬೀಳದ ಈ ದೇಶದಲ್ಲಿ ದೊಡ್ಡ ಗೋದಾಮಿನಂಥ ಕಟ್ಟಡ ಕಟ್ಟಿ, ಯಂತ್ರದಿಂದ ಹಿಮ ಸುರಿಸಿ, ಇಳಿಜಾರು ಮಾಡಿದ್ದಾರೆ. ಜನ ಬಾಡಿಗೆ ಜಾಕೆಟ್ ತೊಟ್ಟು, ಕಾಲಿಗೆ ಉದ್ದದ ಹಲಗೆ ಕಟ್ಟಿಕೊಂಡು ಅಲ್ಲಿ ಜಾರುತ್ತಾರೆ. ಜಾರುವುದಕ್ಕಿಂತ ಬೀಳುವುದೇ ಹೆಚ್ಚು. ಆ ಕಟ್ಟಡಕ್ಕೆ ಅಂಟಿಕೊಂಡ ಬೆಚ್ಚಗಿನ ಕೋಣೆಯಲ್ಲಿ ನಾವು ಎಂಟು ಜನ ಆರು ಶನಿವಾರ ಕೂತು ಕಲಿತೆವು. ನಾನು ಹೋದದ್ದು ಶೋಕಿಗಲ್ಲ. ಸುಬಾಂಗ್ ಜಯಾದ ಒಂದು ಖಾಸಗಿ ಕಾಲೇಜಿನ ಹೋಟೆಲ್ ಶಿಕ್ಷಣ ವಿಭಾಗದಲ್ಲಿ ನಾನು ಆಹಾರ ವಿಜ್ಞಾನ ಕಲಿಸುವವಳು. ಪ್ರಾಕ್ಟಿಕಲ್ ನೋಡಿಕೊಳ್ಳುವ ಎಲ್ಲರಿಗೂ ಪಾನೀಯದ ಸರ್ಟಿಫಿಕೇಟ್ ಇರಬೇಕು, ಇಲ್ಲದಿದ್ದರೆ ಕಾಂಟ್ರಾಕ್ಟ್ ಮುಂದುವರಿಸುವುದಿಲ್ಲ ಎಂದು ಕಾಲೇಜಿನವರು ಪತ್ರ ಕೊಟ್ಟಿದ್ದರು. ಕಾಂಟ್ರಾಕ್ಟ್ ಇಲ್ಲದಿದ್ದರೆ ವರ್ಕ್ ಪಾಸ್ ಇಲ್ಲ. ನನ್ನ ಗಂಡನ ಕಂಪೆನಿ ಹಿಂದಿನ ವರ್ಷವೇ ಇಲ್ಲಿನ ಆಫೀಸು ಮುಚ್ಚಿತ್ತು. ಅವರೂ ಮಗಳೂ ಈ ದೇಶದಲ್ಲಿ ಉಳಿದಿದ್ದದ್ದು ನನ್ನ ಪಾಸಿನ ಮೇಲೆ. ಮಗಳಿಗೆ ಅದು ಫಾರ್ಮ್ ಫೈವ್, ಬೋರ್ಡ್ ಪರೀಕ್ಷೆಯ ವರ್ಷ. ನಡುವೆ ಎಬ್ಬಿಸಿಕೊಂಡು ಊರಿಗೆ ಹೋದರೆ ಅವಳ ಓದು ಅಲ್ಲಿಗೆ ಮುಗಿದಂತೆ.

ಹೀಗೆ ಉಡುಪಿಯ ಮಡಿ ಅಡುಗೆಮನೆಯಲ್ಲಿ ಬೆಳೆದ, ನಲವತ್ತಾರು ವರ್ಷದ, ಹೆಂಡದ ವಾಸನೆ ಬಂದರೆ ರಸ್ತೆ ದಾಟುವ ನಾನು ರಮ್ಮಿನ ಬಾಟಲಿ ಹಿಡಿದು ನಿಂತೆ.

ಮೊದಲ ದಿನ ಮೇಷ್ಟ್ರು ಎಲ್ಲರ ಹೆಸರು, ಊರು ಕೇಳುತ್ತಾ ಬಂದರು. ನಾನು ಉಡುಪಿ ಅಂದದ್ದೇ ಅವರ ಹುಬ್ಬು ಏರಿತು.

"ಕನ್ನಡದಾಕಿ?" ಎಂದರು.

ನನಗೆ ಎಷ್ಟು ಸಂತೋಷವಾಯಿತೆಂದರೆ, ಆ ಸಂತೋಷ ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ. ಗದಗದ ಕಡೆಯವರಂತೆ. ಇಪ್ಪತ್ತರ ವಯಸ್ಸಿಗೆ ಗೋವೆಯ ಹೋಟೆಲಿಗೆ ಸೇರಿ, ಆಮೇಲೆ ಪ್ರವಾಸಿ ಹಡಗುಗಳಲ್ಲಿ ಬಾರ್ ನೋಡಿಕೊಂಡು, ಕೊನೆಗೆ ಇಲ್ಲಿಯ ತಮಿಳು ಹೆಂಗಸೊಬ್ಬರನ್ನು ಮದುವೆಯಾಗಿ ನಿಂತವರು. ನಮ್ಮವರು ಒಬ್ಬರು ಸಿಕ್ಕಿದರಲ್ಲ ಎಂಬ ಧೈರ್ಯದಲ್ಲಿ ಮೆಲ್ಲಗೆ ಕೇಳಿದೆ: "ಮಾಷ್ಟ್ರೇ, ನಾನು ಕುಡಿಯುವುದಿಲ್ಲ. ರುಚಿ ನೋಡದೆ ಕಲೀಲಿಕ್ಕೆ ಆಗ್ತದಾ?"

"ಈಜ ಕಲ್ಯಾಕ ಬಂದು ನೀರಿಗಿ ಇಳಿಯಂಗಿಲ್ಲ ಅಂದ್ರ ಹೆಂಗ್ರಿ ಅಕ್ಕಾರ?" ಎಂದರು, ನಗದೆ. ಅವರ ಕಡೆ ಟೀಚರಮ್ಮಂದಿರನ್ನು ಕರೆಯುವ ಗೌರವದ ಮಾತು ಅದು, ಅಕ್ಕಾರ. ಅವರ ಬಾಯಲ್ಲಿ ಅದು ಬೈಗುಳದ ಹಾಗೆ ಕೇಳುತ್ತಿತ್ತು.

ಅಂದಿನಿಂದ ಶುರು. ಉಳಿದ ಏಳು ಜನರ ಜೊತೆ ಇಂಗ್ಲಿಷು, ಮಲಾಯ್, ತಮಿಳು ಬೆರೆಸಿ ಮುದ್ದಾಗಿ ಮಾತಾಡುವರು. ನನ್ನ ಹತ್ತಿರ ಬಂದರೆ ಕನ್ನಡ, ಅದೂ ಬೈಯುವುದಕ್ಕೆ ಮಾತ್ರ.

"ಏನ್ರಿ, ನಾಲಿಗಿ ಮನ್ಯಾಗ ಡಬ್ಬ್ಯಾಗ ಇಟ್ಟ ಬಂದೀರೇನ?"

"ಶೇಕರ್ ಹಿಡಿಯೋದು ಹಂಗೇನ್ರಿ? ಕೂಸಿನ ಕೈಯಾಗ ಗಿಲಕಿ ಕೊಟ್ಟಂಗ ಆತು."

"ಕೃಷ್ಣಗ ನೈವೇದ್ಯ ಮಾಡಾಕ ಬಂದೀರೋ, ಗಿರಾಕಿಗೆ ಡ್ರಿಂಕ್ ಕೊಡಾಕ ಬಂದೀರೋ?"

ಈ ಮೂರನೆಯ ಮಾತು ಎದೆಗೆ ನಾಟಿತು, ಯಾಕೆಂದರೆ ಅದು ನಿಜ. ನಮ್ಮ ಮನೆಯಲ್ಲಿ ದೇವರಿಗೆ ತೋರಿಸುವ ಮುಂಚೆ ಅಡುಗೆಯ ರುಚಿ ನೋಡುವ ಪದ್ಧತಿಯಿಲ್ಲ. ಸಾರು ಕುದಿಯುವಾಗ ಬರುವ ಪರಿಮಳದಲ್ಲೇ ಹುಳಿ ಸಾಕೋ, ಬೆಲ್ಲ ಬೇಕೋ ತಿಳಿಯಬೇಕು. ಅಜ್ಜಿ ನನ್ನನ್ನು ಒಲೆಯ ಮುಂದೆ ಕೂರಿಸಿ ಕಣ್ಣು ಮುಚ್ಚಿಸಿ ಕಲಿಸಿದ್ದರು. ಮದುವೆಯಾದ ಮೇಲೆ ಒಂದು ದಿನವೂ ನಾನು ಸೌಟಿನಿಂದ ಅಂಗೈಗೆ ಹಾಕಿಕೊಂಡು ನೆಕ್ಕಿದವಳಲ್ಲ. ಒಂದು ದಿನವೂ ಸಾರು ಕೆಟ್ಟದ್ದಿಲ್ಲ. ಅಷ್ಟು ಸೊಕ್ಕು ನನ್ನ ಮೂಗಿನ ಮೇಲೆ ನನಗಿತ್ತು.

ಪಕ್ಕದಲ್ಲಿ ಕೂರುವ ಚೀನೀ ಹುಡುಗಿಗೆ ಇದೊಂದೂ ಅರ್ಥವಾಗುತ್ತಿರಲಿಲ್ಲ. "ಆಂಟಿ ಸೋ ಲಕ್ಕಿ ಲಾ, ಅಂಕಲ್ ನಿಮ್ಮ ಭಾಷೆಯಲ್ಲೇ ಮಾತಾಡ್ತಾರೆ," ಎಂದು, ಇಲ್ಲಿಯವರು ಮಾತಿನ ಕೊನೆಗೆಲ್ಲ ಹಚ್ಚುವ ಲಾ ಹಚ್ಚಿ ಕರುಬುತ್ತಿದ್ದಳು. ನಾನು ಹಲ್ಲು ಕಚ್ಚಿಕೊಂಡು ನಗುತ್ತಿದ್ದೆ. ಪರದೇಶದಲ್ಲಿ ತಾಯ್ನುಡಿ ಕೇಳಿದರೆ ಕಣ್ಣು ತುಂಬುತ್ತದೆ ಎನ್ನುತ್ತಾರಲ್ಲ, ಅಂಥವರನ್ನು ಒಂದು ಶನಿವಾರ ಅಲ್ಲಿ ಕೂರಿಸಬೇಕಿತ್ತು.

ಮೇಷ್ಟ್ರಿಗೆ ಕೆಲಸ ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ. ಕಣ್ಣು ಮುಚ್ಚಿ ಬಾಟಲಿ ಬಗ್ಗಿಸಿ ಅಳತೆ ಬಟ್ಟಲಿಗೆ ಸುರಿದರೆ ಗೆರೆಗೆ ಸರಿಯಾಗಿ ನಿಲ್ಲುತ್ತಿತ್ತು, ಒಂದು ಹನಿ ಆಚೀಚೆಯಿಲ್ಲ. ನಾವೆಲ್ಲ ಹತ್ತು ಸಲ ಹಾಕಿಸಿ ಪರೀಕ್ಷೆ ಮಾಡಿದೆವು. ಕೌಂಟರನ್ನು ಮೂರು ಬಟ್ಟೆಗಳಲ್ಲಿ ಮೂರು ಸಲ ಒರೆಸುವರು. ಗ್ಲಾಸಿನೊಳಗೆ ಬಣ್ಣದ ಕಾಗದದ ಕೊಡೆ ಸಿಕ್ಕಿಸಿದವರನ್ನು ತರಗತಿಯಿಂದಲೇ ಹೊರಗೆ ಹಾಕುವರು. "ಫಸ್ಟ್ ಕಸ್ಟಮರ್ ಈಸ್ ಯು," ಎನ್ನುವುದು ಅವರ ಯಾವಾಗಿನ ಮಾತು. ನೀನು ಮಾಡಿದ್ದನ್ನು ಮೊದಲು ನೀನು ರುಚಿ ನೋಡು, ನಿನಗೆ ಸೇರದ್ದನ್ನು ಇನ್ನೊಬ್ಬರಿಗೆ ಕೊಡಬೇಡ ಎಂದು ಅದರ ಅರ್ಥ.

ಅವರು ರುಚಿ ನೋಡುವ ಕ್ರಮ ನೋಡಲು ಚಂದವಾಗಿತ್ತು. ಸ್ಟ್ರಾ ಒಂದನ್ನು ಗ್ಲಾಸಿಗೆ ಅದ್ದಿ, ಮೇಲಿನ ತುದಿಗೆ ಬೆರಳಿಟ್ಟು ಮುಚ್ಚಿ, ಒಳಗೆ ನಿಂತ ನಾಲ್ಕು ಹನಿಗಳನ್ನು ನಾಲಗೆಯ ಮೇಲೆ ಬಿಟ್ಟುಕೊಳ್ಳುವರು. ಕಣ್ಣು ಕಿರಿದು ಮಾಡಿ ಒಂದು ಕ್ಷಣ ನಿಲ್ಲುವರು. ಆಮೇಲೆ ಏನೂ ಹೇಳದೆ ಆ ಗ್ಲಾಸನ್ನು ನೇರ ನನ್ನ ಮುಂದೆ ತಂದಿಡುವರು.

"ಮೂಸ್ರಿ. ಏನ ಕಡಿಮಿ ಐತಿ?"

ಎರಡನೆಯ ವಾರದಿಂದ ಇದೇ ಆಯಿತು. ಯಾರು ಏನು ಮಾಡಿದರೂ ಗ್ಲಾಸು ನನ್ನ ಮೂಗಿನ ಕೆಳಗೆ. ನಾನು ಮೂಸಿ, "ನಿಂಬೆ ಹೆಚ್ಚಾಯ್ತು, ಶುಂಠಿ ಹಾಕ್ಲೇ ಇಲ್ಲ," ಎನ್ನುವೆ. ಅವರು ತಿರುಗಿ ತರಗತಿಗೆಲ್ಲ ಕೇಳುವಂತೆ ಇಂಗ್ಲಿಷಿನಲ್ಲಿ, ನಿಂಬೆ ಹೆಚ್ಚು, ಶುಂಠಿ ಎಲ್ಲಿ ಹೋಯಿತು ಎಂದು ಗದರುವರು. ಆ ಮೇಲೆ ನನಗೆ, "ಮೂಗ ಒಂದ ಕಲ್ತೈತಿ, ನಾಲಿಗಿ ಇನ್ನೂ ಸಾಲಿಗೇ ಹೋಗಿಲ್ಲ," ಎನ್ನುವರು. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಮೂಸುವ ನಾಯಿಯ ಹಾಗೆ ಮಾಡಿಟ್ಟಿದ್ದಾರೆಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಮನೆಗೆ ಬಂದು ಗಂಡನ ಮುಂದೆ ಕೂಗಾಡುತ್ತಿದ್ದೆ. ಮಗಳು ಪುಸ್ತಕದಿಂದ ತಲೆಯೆತ್ತದೆ, "ಅಮ್ಮಾ, ಜಸ್ಟ್ ಟೇಸ್ಟ್ ಇಟ್ ಲಾ. ಯು ವೋಂಟ್ ಡೈ," ಎನ್ನುವಳು. ಸಾಯುವುದಿಲ್ಲ, ನಿಜ. ಆದರೆ ನಮ್ಮ ಮನೆಯ ಯಾರ ನಾಲಗೆಗೂ ಇದುವರೆಗೆ ತಾಗದ್ದು ಆ ಮನುಷ್ಯನ ಬೈಗುಳಕ್ಕೆ ಹೆದರಿ ನನ್ನ ನಾಲಗೆಗೆ ತಾಗುವುದು ಬೇಡವೆಂದು ನನಗೂ ಹಟ ಬಂದಿತ್ತು.

ಆರನೆಯ ಶನಿವಾರ ಪರೀಕ್ಷೆ. ನನ್ನ ಕಾಂಟ್ರಾಕ್ಟ್ ಮುಗಿಯಲು ಮೂರು ವಾರ ಉಳಿದಿತ್ತು. ರೆಸಾರ್ಟಿನ ಪಾನೀಯ ವಿಭಾಗದ ಮ್ಯಾನೇಜರು, ಒಬ್ಬರು ಚೀನೀ ಮೇಡಂ, ಮೇಷ್ಟ್ರ ಜೊತೆ ಪರೀಕ್ಷಕರಾಗಿ ಬಂದರು. ಫೋಟೋ ಚೆನ್ನಾಗಿ ಬರುತ್ತದೆಂದು ಪರೀಕ್ಷೆಯನ್ನು ಹಿಮದ ಕಟ್ಟಡದೊಳಗಿನ ಬಾರಿಗೇ ಹಾಕಿದ್ದರು. ಇಳಿಜಾರಿನ ಬುಡದಲ್ಲಿ ಮಂಜುಗಡ್ಡೆಯಂಥದೇ ಕೌಂಟರು, ಸುತ್ತ ಜಾರಿ ಬೀಳುವವರ ಕೇಕೆ. ಫ್ರಿಜ್ಜಿನ ಮೇಲಿನ ಖಾನೆಯೊಳಗೆ ಹೊಕ್ಕಂತೆ ಚಳಿ.

ಒಳಗೆ ಕಾಲಿಟ್ಟ ಐದು ನಿಮಿಷಕ್ಕೆ ನನ್ನ ಮೂಗು ಕಟ್ಟಿತು. ಕಟ್ಟದಿದ್ದರೂ ಪ್ರಯೋಜನವಿರಲಿಲ್ಲ. ಆ ಚಳಿಯಲ್ಲಿ ಯಾವುದಕ್ಕೂ ವಾಸನೆಯೇ ಇಲ್ಲ. ನಿಂಬೆ ಮೂಸಿದರೆ ಏನಿಲ್ಲ, ಶುಂಠಿ ಮೂಸಿದರೆ ಏನಿಲ್ಲ. ಪ್ರಪಂಚವೇ ಸ್ವಿಚ್ ಆಫ್ ಆದಂತಾಯಿತು. ಮಾಡಬೇಕಾದ ಪಾನೀಯಕ್ಕೆ ಬೇಕಾದ್ದು ರಮ್, ನಿಂಬೆ, ಶುಂಠಿ, ಮತ್ತು ಪಂದಾನ್ ಎಂಬ ಪರಿಮಳದ ಎಲೆ ಹಾಕಿ ಕಾಯಿಸಿದ ಸಕ್ಕರೆ ಪಾಕ. ಪ್ರತಿಯೊಬ್ಬರ ಮುಂದೆಯೂ ಪಾಕದ್ದೊಂದು, ಗ್ಲಾಸಿನ ಅಂಚಿಗೆ ಸವರುವ ಉಪ್ಪುನೀರಿನದ್ದೊಂದು ಬಾಟಲಿ ಇತ್ತು. ಎರಡೂ ಒಂದೇ ಆಕಾರದ ಬಾಟಲಿ, ಚೀಟಿಗಳ ಮೇಲೆ ಬಿಳಿ ಮಂಜು ಕಟ್ಟಿತ್ತು. ಬೇರೆಯವರು ಒಂದು ಹನಿ ನಾಲಗೆಗೆ ಹಚ್ಚಿ ನೋಡಿ ಮುಂದೆ ಹೋದರು. ಅವೆರಡರಲ್ಲೂ ಹೆಂಡವಿರಲಿಲ್ಲ, ನಾನೂ ಹಚ್ಚಿ ನೋಡಬಹುದಿತ್ತು; ಆದರೆ ಮಾಡುವಾಗ ರುಚಿ ನೋಡುವ ಅಭ್ಯಾಸವೇ ನನಗಿರಲಿಲ್ಲ, ಎರಡನ್ನೂ ಮೂಸಿದೆ. ಪಂದಾನಿನ ಪರಿಮಳ ಯಾವುದರಿಂದಲೂ ಬರಲಿಲ್ಲ. ಬಲಗೈಗೆ ಸಿಕ್ಕಿದ್ದನ್ನು ಎತ್ತಿ ಅಳತೆ ಮಾಡಿ ಸುರಿದೆ.

ಶೇಕರ್ ಅಲುಗಿಸಿ, ಗ್ಲಾಸಿಗೆ ಸೋಸಿ, ಕೌಂಟರಿನ ಮೇಲಿಟ್ಟೆ. ಮೇಷ್ಟ್ರು ಸ್ಟ್ರಾ ಅದ್ದಿ, ಬೆರಳಿಟ್ಟು, ನಾಲಗೆಗೆ ಬಿಟ್ಟುಕೊಂಡರು. ಕಣ್ಣು ಕಿರಿದಾಯಿತು.

"ಗುಡ್," ಎಂದರು ಮೇಡಂಗೆ. "ಲಿಟ್ಲ್ ಬಿಟ್ ಸ್ವೀಟ್, ಬಟ್ ಕ್ಯಾನ್ ಲಾ." ಸ್ವಲ್ಪ ಸಿಹಿ ಹೆಚ್ಚು, ಆದರೂ ನಡೆಯುತ್ತದೆ ಎಂದು.

ಆರು ವಾರದಲ್ಲಿ ಮೊದಲ ಬಾರಿ ಅವರ ಬಾಯಿಂದ ಗುಡ್ ಬಂದಿತ್ತು. ನಾನು ಉಸಿರು ಬಿಟ್ಟು, ಬಾಟಲಿಗಳನ್ನು ಜೋಡಿಸಲು ತಿರುಗಿದೆ. ಕೈಯ ಬಿಸಿಗೆ ಚೀಟಿಯ ಮಂಜು ಕರಗಿತ್ತು. ನಾನು ಸುರಿದದ್ದು ಉಪ್ಪುನೀರು. ಪಾಕದ ಬಾಟಲಿ ಕುತ್ತಿಗೆಯ ತನಕ ತುಂಬಿಯೇ ಇತ್ತು.

ಉಪ್ಪುನೀರನ್ನು ನಾಲಗೆಯ ಮೇಲಿಟ್ಟುಕೊಂಡು ಈ ಮನುಷ್ಯ ಸಿಹಿ ಎಂದದ್ದು ಹೇಗೆ? ಯೋಚಿಸಲು ಪುರುಸೊತ್ತಿರಲಿಲ್ಲ. ಮೇಡಂ ತಮ್ಮ ಸ್ಟ್ರಾ ತೆಗೆದು ಗ್ಲಾಸಿಗೆ ಕೈ ಚಾಚಿದ್ದರು.

"ಮಾಷ್ಟ್ರೇ, ಅದು ಉಪ್ಪು," ಎಂದುಬಿಟ್ಟೆ, ಕನ್ನಡದಲ್ಲಿ. "ಪಾಕ ಅಲ್ಲ, ಉಪ್ಪುನೀರು ಹಾಕಿದ್ದೇನೆ."

ಅವರನ್ನು ಉಳಿಸಲು ಹೇಳಿದೆ ಎಂದು ಯಾರಾದರೂ ತಿಳಿದರೆ ತಪ್ಪು. ದಯೆ, ಕರುಣೆ ಯಾವುದೂ ಆಗ ನನ್ನ ಹತ್ತಿರ ಇರಲಿಲ್ಲ. ಬಡಿಸಿದ ಮೇಲೆ ಉಪ್ಪು ತಪ್ಪಿದ್ದು ಗೊತ್ತಾದರೆ ಅಡುಗೆಯವಳ ಬಾಯಿಂದ ಅದು ತಾನಾಗಿ ಹೊರಗೆ ಬರುತ್ತದೆ, ಅಷ್ಟೆ.

ಅವರು ನನ್ನನ್ನು ನೋಡಿದರು. ಒಂದೇ ಕ್ಷಣ. ಆ ಕ್ಷಣದಲ್ಲಿ ಅವರ ಮುಖ ಬೆಳ್ಳಗಾದದ್ದನ್ನು ನಾನು ಕಂಡೆ. ಮರುಕ್ಷಣ ಮೇಡಂ ಕೈಯ ಮುಂದಿನಿಂದ ಗ್ಲಾಸನ್ನು ಎತ್ತಿ ಪಕ್ಕದ ಬಕೆಟ್ಟಿಗೆ ಸುರಿದರು.

"ಸಾರಿ ಮೇಡಂ, ಮೊದಲು ಸಿಹಿ ಅನ್ನಿಸಿತು, ಈಗ ಹಿಂದಿನಿಂದ ಉಪ್ಪು ಬರ್ತಾ ಇದೆ," ಎಂದು ಇಂಗ್ಲಿಷಿನಲ್ಲಿ ಹೇಳಿದರು. ನನ್ನ ಕಡೆ ಬೆರಳು ತೋರಿಸಿ, ಎಲ್ಲರಿಗೂ ಕೇಳುವಂತೆ, "ಸಿಕ್ಸ್ ವೀಕ್ಸ್ ಐ ಟೆಲ್ ಹರ್, ಟೇಸ್ಟ್, ಟೇಸ್ಟ್. ನೆವರ್ ಲಿಸನ್. ಫೇಲ್."

ನಾನು ಗುಟ್ಟಾಗಿ ಹೇಳಿದ ಮಾತನ್ನೇ ಎತ್ತಿ ನನ್ನ ಮುಖಕ್ಕೆ ಹೊಡೆದರು. ಎಂಟು ಜನರಲ್ಲಿ ಫೇಲಾದವಳು ನಾನೊಬ್ಬಳೇ.

ಹೊರಗೆ ಬಂದು ಹಿಂಬಾಗಿಲ ಹತ್ತಿರ ಅವರನ್ನು ಹಿಡಿದೆ. ಬಿಸಿಲಿಗೆ ಮೈಯೊಡ್ಡಿ ನಿಂತಿದ್ದರು. ನನ್ನ ಬಾಯಿಗೆ ಏನು ಬಂತೋ ಅದನ್ನೆಲ್ಲ ಹೇಳಿದೆ. "ನಿಮಗೆ ಮನುಷ್ಯತ್ವ ಉಂಟಾ ಮಾರಾಯ್ರೇ? ಉಪ್ಪು ಯಾವುದು ಸಿಹಿ ಯಾವುದು ನಿಮಗೇ ಗೊತ್ತಾಗ್ಲಿಲ್ಲ. ನಾನು ಸುಮ್ಮನಿದ್ದಿದ್ರೆ ಅಲ್ಲೇ ನಿಮ್ಮ ಬಂಡವಾಳ ಬಯಲಾಗ್ತಿತ್ತು!"

ಅವರು ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿದರು. ಕುತ್ತಿಗೆಯ ಚರ್ಮ ಒಂದು ಕಡೆ ಪೂರ್ತಿ ಕಪ್ಪಾಗಿ, ಒಣಗಿ, ಬಿಗಿದುಕೊಂಡಿತ್ತು.

"ಗಂಟಲಾಗ ಗಡ್ಡಿ. ಕರೆಂಟ್ ಕೊಟ್ಟಾರ. ವರ್ಷ ಆತು," ಎಂದರು. ಕ್ಯಾನ್ಸರಿಗೆ ಕೊಡುವ ರೇಡಿಯೇಶನ್ನಿಗೆ ಅವರ ಕಡೆ ಕರೆಂಟ್ ಎನ್ನುತ್ತಾರೆ. "ಬಾಯಾಗ ಉಗುಳ ಇಲ್ಲ, ರುಚಿ ಇಲ್ಲ. ಮೂಗೂ ಅಷ್ಟ. ಉಪ್ಪ, ಸಕ್ರಿ, ಸೆರಿ, ನೀರ, ಎಲ್ಲಾ ಒಂದ."

ಫ್ಲಾಸ್ಕಿನಿಂದ ಗುಟುಕು ಕುಡಿದರು. ಅದು ಬರೀ ನೀರು ಎಂದು ಆಗ ಗೊತ್ತಾಯಿತು. ನಾಲಗೆ ಸತ್ತದ್ದು ರೆಸಾರ್ಟಿನವರಿಗೆ ತಿಳಿದರೆ ಮರುದಿನವೇ ಮನೆಗೆ ಕಳಿಸುತ್ತಾರೆ, ಆ ಕೌಂಟರಿನ ಹಿಂದೆ ನಿಲ್ಲದಿದ್ದರೆ ತಾನು ಯಾರೂ ಅಲ್ಲ ಎಂದರು. ಕೈಗೆ ಅಳತೆ ನೆನಪಿತ್ತು, ಆದ್ದರಿಂದ ತಾವು ಮಾಡುವುದು ತಪ್ಪುತ್ತಿರಲಿಲ್ಲ. ಬೇರೆಯವರು ಮಾಡಿದ್ದನ್ನು ಅಳೆಯುವುದಕ್ಕೆ ಮಾತ್ರ ದಾರಿಯಿರಲಿಲ್ಲ.

"ಅದಕ್ಕೆ ನನ್ನ ಮೂಗು," ಎಂದೆ.

"ಹೌದ."

ಎಷ್ಟು ಸಲೀಸಾಗಿ ಹೌದ ಅಂದರು! ಅವರೇ ಮುಂದುವರಿಸಿದರು. "ಮುಂದಿನ ಶನಿವಾರ ಬರ್ರಿ, ಮತ್ತ ಪರೀಕ್ಷಾ ಇಡಸ್ತೀನಿ. ಬೆಚ್ಚಗಿನ ಕ್ವಾಣ್ಯಾಗ. ನಾಲಿಗಿ ಮ್ಯಾಲ ನಾಕ ಹನಿ ಬಿಟ್ಕೋರಿ, ಉಗಳ್ರಿ, ಬಾಯಿ ತೊಳಕೋರಿ. ನುಂಗಬೇಕಂತ ಏನಿಲ್ಲ. ಈ ಧಂದೆದಾಗ ಭಾಳ ಮಂದಿ ಹಂಗ ಮಾಡ್ತಾರ."

"ಉಗುಳಬಹುದಾ?" ನಾನು ಕಿರುಚಿದೆ. "ಮತ್ತೆ ಮೊದಲ ದಿನ ಕೇಳಿದಾಗ ಯಾಕೆ ಹೇಳ್ಲಿಲ್ಲ?"

"ಹೇಳಿದ್ರ ನೀವೂ ಎಲ್ಲಾರಂಗ ನಾಲಿಗಿಗೆ ಹಚ್ಕೊಂಡ ನೋಡ್ತಿದ್ರಿ. ಕುಡಿಯದವ್ರಿಗೆ ಮೂಸಾಕ ಕೊಟ್ರ ಯಾರಿಗೂ ಸಂಶಯ ಬರಂಗಿಲ್ಲ. ನನಗ ನಿಮ್ಮ ಮೂಗ ಬೇಕಾಗಿತ್ತು."

ಕ್ಷಮಿಸಿ ಎನ್ನಲಿಲ್ಲ. ಅಯ್ಯೋ ಎನ್ನಲಿಲ್ಲ. ನಾನು ರುಚಿ ನೋಡುವುದಿಲ್ಲವೆಂದು ಆರು ವಾರ ಹಂಗಿಸಿದ ಮನುಷ್ಯ, ನಾನು ರುಚಿ ನೋಡದಂತೆ ಆರು ವಾರ ಕಾದುಕೊಂಡಿದ್ದರು. ನನ್ನ ಸಂಸಾರದ ಮೂವರ ಪಾಸು ಆ ಬಕೆಟ್ಟಿನಲ್ಲಿ ತೇಲುತ್ತಿದ್ದದ್ದು ಅವರಿಗೆ ಗೊತ್ತಿತ್ತೋ ಇಲ್ಲವೋ, ನಾನು ಹೇಳಿದೆ. ಮಗಳ ಪರೀಕ್ಷೆ, ಗಂಡನ ಕೆಲಸ, ಎಲ್ಲ. ಅವರು ಗುಂಡಿ ಹಾಕಿಕೊಳ್ಳುತ್ತಾ ಕೇಳಿ, "ಶನಿವಾರ ಹತ್ತಕ್ಕ," ಎಂದು ಒಳಗೆ ಹೋದರು.

ಆ ವಾರ ಪೂರ್ತಿ ನಾನು ಮ್ಯಾನೇಜರ್ ಮೇಡಂಗೆ ಪತ್ರ ಬರೆದು ಅಳಿಸುತ್ತಿದ್ದೆ. ನಾಲ್ಕು ಸಾಲು ಸಾಕಿತ್ತು. ಕಳಿಸಿದ್ದರೆ ಅವರೂ ಹೋಗುತ್ತಿದ್ದರು, ನನಗೆ ಪರೀಕ್ಷೆ ಇಡುವವರೂ ಇರುತ್ತಿರಲಿಲ್ಲ. ಕಳಿಸದಿರಲು ಕಾರಣ ಇಷ್ಟೇ ಎಂದು ಅಂದು ನಂಬಿದ್ದೆ. ಇಂದು ಅಷ್ಟೇ ಎಂದು ಖಚಿತವಾಗಿ ಹೇಳಲಾರೆ.

ಶನಿವಾರ ಹೋದೆ. ಅದೇ ಪಾನೀಯ. ಸ್ಟ್ರಾ ಅದ್ದಿ, ಬೆರಳಿಟ್ಟು, ನಾಲ್ಕು ಹನಿ ನಾಲಗೆಯ ಮೇಲೆ ಬಿಟ್ಟುಕೊಂಡೆ. ಅಸಹ್ಯವಾಯಿತು, ಕಣ್ಣಲ್ಲಿ ನೀರು ಬಂತು. ಆದರೆ ಆ ಅಸಹ್ಯದ ಹಿಂದೆ ಶುಂಠಿ ಇತ್ತು, ಅದರ ಹಿಂದೆ ನಿಂಬೆ, ಮತ್ತು ಪಾಕ ಒಂದಿಷ್ಟು ಸಾಲದು ಎಂದು ಸ್ಪಷ್ಟವಾಗಿ ತಿಳಿಯಿತು. ನನ್ನ ಮೂಗು ಸಾಕು ಅಂದಿತ್ತು. ಇಷ್ಟು ವರ್ಷ ನಂಬಿದ ಮೂಗು! ಉಗುಳಿ, ಬಾಯಿ ತೊಳೆದು, ಅರ್ಧ ಚಮಚ ಪಾಕ ಹಾಕಿದೆ. ಮೇಡಂ ರುಚಿ ನೋಡಿ ತಲೆಯಾಡಿಸಿದರು. ಮೇಷ್ಟ್ರು ಸ್ಟ್ರಾ ಅದ್ದಿ ಕಣ್ಣು ಕಿರಿದು ಮಾಡಿ ನಟಿಸಿದರು. ನಟನೆ ಎಂದು ಗೊತ್ತಿದ್ದ ನನಗೂ ಅದು ನಿಜವೆನ್ನಿಸಿತು.

ಸರ್ಟಿಫಿಕೇಟನ್ನು ಕೌಂಟರಿನ ಮೇಲೆ ನನ್ನತ್ತ ತಳ್ಳಿ, "ಕೈ ಇನ್ನೂ ನಡಗತಾವ. ಮನಿಗೆ ಹೋಗಿ ರೊಟ್ಟಿ ಬಡಿಯೋದ ಕಲೀರಿ," ಎಂದರು. ನಾನು ಥ್ಯಾಂಕ್ಸ್ ಹೇಳಲಿಲ್ಲ. ಹಿಂತಿರುಗಿಯೂ ನೋಡದೆ ಬಸ್ಸು ಹತ್ತಿದೆ.

ಕಾಂಟ್ರಾಕ್ಟ್ ಮುಂದುವರಿಯಿತು. ಮಗಳು ಪರೀಕ್ಷೆ ಬರೆದಳು. ಮನೆಯಲ್ಲಿ ನಾನು ಇಂದಿಗೂ ದೇವರಿಗೆ ತೋರಿಸುವ ಮುಂಚೆ ರುಚಿ ನೋಡುವುದಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಮಾತ್ರ ಪ್ರತಿ ಬ್ಯಾಚಿಗೂ ಮೊದಲ ದಿನ ಮೊದಲ ಮಾತಾಗಿ ಹೇಳುತ್ತೇನೆ: ಕುಡಿಯದವರು, ಧರ್ಮದಲ್ಲಿ ನಿಷೇಧ ಇರುವವರು ಎಲ್ಲರೂ ಬಂದು ನನಗೆ ತಿಳಿಸಿ, ಪ್ರತಿಯೊಬ್ಬರಿಗೂ ಒಂದು ದಾರಿ ಇದೆ. ಅವರು ನನಗೆ ಹೇಳದೆ ಬಚ್ಚಿಟ್ಟದ್ದನ್ನು ನಾನು ಯಾರಿಂದಲೂ ಬಚ್ಚಿಡುವುದಿಲ್ಲ. ಇದನ್ನು ಅವರೇ ಕಲಿಸಿದರು ಎಂದು ಯಾರಾದರೂ ಅನ್ನುವುದಾದರೆ ಹಾಗೇ ಅನ್ನಲಿ.

ಎಂಟು ತಿಂಗಳ ಮೇಲೆ ಚೀನೀ ಹುಡುಗಿ ಮೆಸೇಜು ಕಳಿಸಿದಳು, ಅಂಕಲ್ ಹೋಗಿಬಿಟ್ಟರು ಎಂದು. ಬ್ರಿಕ್‌ಫೀಲ್ಡ್ಸಿನ ಹಳೆಯ ಫ್ಲ್ಯಾಟಿನಲ್ಲಿ ಅವರ ಮನೆ. ಹೋಗಬಾರದು ಎಂದುಕೊಂಡೇ ಹೋದೆ. ಕಳೇಬರವನ್ನು ಆಗಲೇ ಒಯ್ದಾಗಿತ್ತು. ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. ಹಳೆಯ ವಿದ್ಯಾರ್ಥಿಗಳು, ರೆಸಾರ್ಟಿನವರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ತುಂಬಿದ್ದರು. ನಾನು ಹೆಂಡತಿಯ ಪಕ್ಕ ನೆಲದಲ್ಲಿ ಕೂತು ಯಾರೆಂದು ಹೇಳಿದೆ.

"ತೆರಿಯುಂ," ಎಂದರು ಅವರು, ಗೊತ್ತು ಎಂದು. ಅಷ್ಟೇ.

ಮ್ಯಾನೇಜರ್ ಮೇಡಂ ಮಾತಾಡುತ್ತಿದ್ದರು. ಇಂಥ ನಾಲಗೆ ಈ ದೇಶದಲ್ಲಿ ಇನ್ನೊಂದಿಲ್ಲ, ಕೊನೆಯ ಬ್ಯಾಚಿನವರೆಗೂ ಒಂದು ಹನಿ ಹೆಚ್ಚುಕಡಿಮೆಯನ್ನು ಹಿಡಿಯುತ್ತಿದ್ದರು ಎಂದರು. ನನ್ನನ್ನು ಕಂಡು ನಿಲ್ಲಿಸಿದರು. "ನೀವಿದ್ದಿರಲ್ಲ ಅವತ್ತು. ಕರೆಕ್ಟ್ ಆರ್ ನಾಟ್?"

ಕೋಣೆಯೆಲ್ಲ ನನ್ನ ಕಡೆ ತಿರುಗಿತು. ಹೆಂಡತಿಯೂ ತಿರುಗಿದರು. ಅವರ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು, ಗಟ್ಟಿಯಾಗಿ. ಅವರಿಗೆ ಎಲ್ಲ ಗೊತ್ತಿತ್ತು. ಒಂದೂವರೆ ವರ್ಷಕ್ಕೂ ಮೀರಿ ರುಚಿ ತಿಳಿಯದ ಬಾಯಿಗೆ ಬೇಯಿಸಿ ಹಾಕಿದವರಲ್ಲವೇ!

ಆರು ವಾರದ ಅವಮಾನಕ್ಕೆ ನಾನು ಉತ್ತರ ಕೊಡಬಹುದಾಗಿದ್ದ ಗಳಿಗೆ ಅದು. ಮಾತೂ ತುದಿನಾಲಗೆಯಲ್ಲೇ ಇತ್ತು.

"ಕರೆಕ್ಟ್," ಎಂದೆ. "ನಾನು ಉಪ್ಪು ಹಾಕಿದ್ದೆ. ಅವರೊಬ್ಬರೇ ಕಂಡುಹಿಡಿದದ್ದು. ಅದಕ್ಕೇ ಫೇಲ್ ಮಾಡಿದರು."

ಎಲ್ಲರೂ ಕಣ್ಣೊರೆಸಿಕೊಂಡು ನಕ್ಕರು. ಹೆಂಡತಿ ಕೈ ಬಿಡಲಿಲ್ಲ. ನನಗೆ ಮೇಷ್ಟ್ರ ಮೇಲಿನ ಸಿಟ್ಟು ಒಂದು ಎಳ್ಳಷ್ಟೂ ಇಳಿದಿರಲಿಲ್ಲ, ಈಗಲೂ ಇಳಿದಿಲ್ಲ. ಆದರೂ ಅಲ್ಲಿ ಕೂತು ನಾನು ಬಿಕ್ಕಿ ಬಿಕ್ಕಿ ಅತ್ತೆ.